ಆರು ಪ್ಲಗ್ಗಿಗೆ ಪಂಚಾಮೃತ

ಜೋಗೇಶ್ವರಿಯ ಆ ಚಾಳಿನಲ್ಲಿ ಲಾರಿ ಇದ್ದವನು ದೂಜಣ್ಣ ಒಬ್ಬನೇ. ಎಂಥ ಲಾರಿ ಎಂದು ಮಾತ್ರ ಕೇಳಬಾರದು. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಗಾಡಿ, ನಾಲ್ಕು ಕೈ ದಾಟಿ ಐದನೆಯದಾಗಿ ಇವನಿಗೆ ಬಂದಿತ್ತು. ಅರುವತ್ತೊಂಬತ್ತನೇ ಇಸವಿ ಅದು. ಬೊಂಬಾಯಿಯ ಲಾರಿಗಳೆಲ್ಲ ಒಂದೊಂದಾಗಿ ಡೀಸೆಲ್ಲಿಗೆ ತಿರುಗಿದ್ದವು, ಇದೊಂದು ಹಳೇ ಚಾಳಿ ಬಿಡದೆ ಪೆಟ್ರೋಲನ್ನೇ ಕುಡಿಯುತ್ತಿತ್ತು. ಬೈಕುಲ್ಲಾ ಮಾರ್ಕೆಟಿನಲ್ಲಿ ಬಾಳೆಎಲೆ, ತೆಂಗಿನಕಾಯಿ ಹೇರಿಕೊಂಡು ಫೋರ್ಟಿನ ಉಡುಪಿ ಹೋಟೆಲುಗಳಿಗೆ ಮುಟ್ಟಿಸುವುದು ದೂಜಣ್ಣನ ಕಸುಬು. ಗಾಡಿ ಓಡಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಗಾಡಿ ಯಾಕೆ ಓಡುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಹೇಳದೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಕೊಡಪಾನ ಹಿಡಿದು ನಿಂತಾಗ, "ಇಂಜಿನಿನ ಸ್ವರ ಒಂದು ಕೇಳಿದ್ರೆ ಸಾಕು ನಂಗೆ, ಎಲ್ಲಿ ನೋವು ಅಂತ ಹೇಳ್ತೇನೆ" ಎಂದು ನಾಲ್ಕು ಜನರೆದುರು ಬಿಡುತ್ತಿದ್ದ. ನೋವು ಎಲ್ಲಿ ಎಂದು ನಿಜವಾಗಿ ಹೇಳುತ್ತಿದ್ದವನು ಬೈಕುಲ್ಲಾದ ಮೌಲಾಲಿ ಮಿಸ್ತ್ರಿ. ವಿಜಾಪುರದ ಕಡೆಯವನು, ಅರುವತ್ತರ ಹತ್ತಿರದ ಪ್ರಾಯ, ಕನ್ನಡಕದ ಕಾಲಿಗೆ ದಾರ ಕಟ್ಟಿಕೊಂಡಿದ್ದ. ಮಾತು ಕಡಿಮೆ. ಅವನು ಕೂರಿಸಿದ ಪ್ಲಗ್ಗು ಕೆಟ್ಟು ವಾಪಸು ಬಂದದ್ದನ್ನು ಆ ಗಲ್ಲಿಯಲ್ಲಿ ಯಾರೂ ಕಂಡಿರಲಿಲ್ಲ.

ಪ್ಲಗ್ಗೆಂದರೆ ಹೆಬ್ಬೆರಳಿನಷ್ಟು ದೊಡ್ಡ ಸಾಮಾನು. ಇಂಜಿನಿನ ಮೇಲೆ ಮುಚ್ಚಳದ ಹಾಗೆ ಕೂತಿರುವ ಹೆಡ್ಡಿನ ತೂತಿನಲ್ಲಿ ಅದನ್ನು ತಿರುಪಿ ಬಿಗಿದರೆ ಕೆಳತುದಿಯಲ್ಲಿ ಕಿಡಿ ಹಾರುತ್ತದೆ, ಪೆಟ್ರೋಲು ಉರಿಯುತ್ತದೆ, ಲಾರಿ ಮುಂದೆ ಹೋಗುತ್ತದೆ. ದೂಜಣ್ಣನ ಲಾರಿಗೆ ಅಂಥವು ಆರು. ಆ ವರ್ಷ ಮಹಾನವಮಿಗೆ ಎರಡು ದಿನ ಮುಂಚೆ ಮಿಸ್ತ್ರಿ ಆರನ್ನೂ ಬಿಚ್ಚಿ, ಮಸಿ ಕೆರೆದು, ಕಿಡಿ ಹಾರುವ ಸಂದಿಯನ್ನು ಅಳತೆಗೆ ತಂದು ಕೂರಿಸಿದ.

"ದೂಜಣ್ಣಾರ, ಇನ್ನ ಆರ ತಿಂಗಳ ಇದಕ್ಕ ಯಾರೂ ಕೈ ಹಚ್ಚೂದ ಬ್ಯಾಡ್ರಿ" ಎಂದ. "ಹೆಡ್ ಅಲ್ಯುಮಿನಮ್‌ದು. ಭಾಳ ಮೆತ್ತಗ ಇರತೈತಿ."

"ಅದನ್ನು ನಂಗೆ ಹೇಳ್ಬೇಕಾ ಮಿಸ್ತ್ರಿ?" ಎಂದ ದೂಜಣ್ಣ. ಹೇಳಬೇಕಾಗಿತ್ತು, ಇನ್ನೂ ಹತ್ತು ಸಲ ಹೇಳಬೇಕಾಗಿತ್ತು.

ಕಥೆ ಕೆಟ್ಟದ್ದು ನವಮಿಯ ಹಿಂದಿನ ದಿನ, ಅದೇ ನಲ್ಲಿಯ ಬುಡದಲ್ಲಿ. ಪಕ್ಕದ ಖೋಲಿಯ ಬಂಡೆಪ್ಪ ಜೋಗೇಶ್ವರಿಯಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನು ಹಲ್ಲುಜ್ಜುತ್ತ, "ನಮ್ಮ ಕಾರ್ಖಾನ್ಯಾಗ ಆಯುಧ ಪೂಜಿ ಅಂದ್ರ ಬರೇ ಹಾರ ಹಾಕೂದಲ್ರಿ" ಎಂದು ಶುರು ಮಾಡಿದ. "ಮಷಿನ್ ಬಿಚ್ಚಿ, ಒಂದೊಂದ ಭಾಗ ತೊಳದು, ಒಂದೊಂದಕ್ಕ ಬ್ಯಾರೆ ಬ್ಯಾರೆ ಕುಂಕುಮ ಹಚ್ಚತಾರ. ಲಾರಿಗೇನ್ರಿ, ಟಾಯರ್ ಕೆಳಗ ನಾಕ ಲಿಂಬಿಹಣ್ಣ ಇಟ್ರ ಮುಗದ ಹೋತು."

ಅವನ ಹೆಂಡತಿ ಸುಂದ್ರವ್ವ ಕೊಡ ತುಂಬುತ್ತ, "ಲಾರಿ ಬಿಚ್ಚಾಕ ಮೊದಲ ಬರಬೇಕಲ್ರಿ" ಎಂದು ಸೇರಿಸಿದಳು. ಸುಂದ್ರವ್ವ ಸೇರಿಸುವ ಮಾತು ಯಾವಾಗಲೂ ಬಂಡೆಪ್ಪನ ಮಾತಿಗಿಂತ ಸಣ್ಣದು, ಆದರೆ ಆಳಕ್ಕೆ ಹೋಗಿ ಕೂರುವಂಥದ್ದು.

ದೂಜಣ್ಣನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. "ನಾಳೆ ಬಂದು ನೋಡಿ" ಎಂದು ಹೇಳಿ, ಕೊಡಪಾನ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಹೋದ.

ಮಾರನೆಯ ದಿನ ಬೆಳಿಗ್ಗೆ ಅವನು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಬಾನೆಟ್ಟು ಎತ್ತಿ, ಆರೂ ಪ್ಲಗ್ಗುಗಳನ್ನು ಬಿಚ್ಚಿದ. ಬಿಚ್ಚುವುದಕ್ಕೆ ಯಾವ ವಿದ್ಯೆಯೂ ಬೇಡ. ಪ್ಲಗ್ ಪಾನಾ ಹಾಕಿ ತಿರುಗಿಸಿದರೆ ಬರುತ್ತದೆ, ಬಂತು. ಹೆಂಡತಿ ಸೇವಂತಿ ಬಾಳೆಎಲೆಯ ಮೇಲೆ ಅಕ್ಕಿ ಹರಡಿ ಕೊಟ್ಟಳು. ಆರೂ ಪ್ಲಗ್ಗುಗಳನ್ನು ಅದರ ಮೇಲೆ ಸಾಲಾಗಿ ನಿಲ್ಲಿಸಿ, ಪಕ್ಕದಲ್ಲಿ ಪಾನಾವನ್ನೂ ಇಟ್ಟ ಮೇಲೆ ದೂಜಣ್ಣ, "ಪಂಚಾಮೃತ ಮಾಡು" ಎಂದ.

"ಇದಕ್ಕೆ ಅಭಿಷೇಕ ಉಂಟಾ?" ಎಂದು ಸೇವಂತಿ ಕೇಳಿದಳು.

"ದೇವರಿಗೆ ಇಲ್ವಾ? ಲಾರಿಯ ಜೀವ ಇರುವುದು ಇದರಲ್ಲಿ ಮಾರಾಯ್ತಿ. ಜೀವಕ್ಕೆ ಬರೀ ನೀರು ಹಾಕ್ಲಿಕ್ಕೆ ಆಗ್ತದಾ?"

ಸೇವಂತಿಗೆ ಸರಿ ಎನ್ನಿಸಿತು. ಭಕ್ತಿಯ ವಿಷಯದಲ್ಲಿ ಅವಳು ಕೈ ಬಿಗಿ ಮಾಡಿದವಳೇ ಅಲ್ಲ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲ ಕಲಸಿ ತಂದಳು. ದೂಜಣ್ಣ ಒಂದೊಂದು ಪ್ಲಗ್ಗಿಗೂ ಚಮಚದಲ್ಲಿ ಅಭಿಷೇಕ ಮಾಡಿದ. ಪಂಚೆಯ ತುದಿಯಲ್ಲಿ ಒರೆಸಿದ. ಕಿಡಿ ಹಾರುವ ಜಾಗ ಯಾವುದೆಂದು ಮಿಸ್ತ್ರಿ ಹೇಳಿದ್ದು ನೆನಪಿತ್ತು, ಮುಖ್ಯವಾದ ಜಾಗ ಅದೇ ಎಂದು ಅಲ್ಲಿಗೇ ಗಂಧ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟ. ಇತ್ತ ಸೇವಂತಿಗೆ ಇಂಜಿನಿನ ಆರು ತೂತುಗಳು ಬಾಯಿ ತೆರೆದುಕೊಂಡಿದ್ದದ್ದು ಕಂಡು ಮನಸ್ಸಿಗೆ ಒಂಥರಾ ಆಯಿತು. ಹಬ್ಬದ ದಿನ ಏನನ್ನೂ ಬರಿದಾಗಿ ಇಡಬಾರದೆಂದು ಒಂದೊಂದು ತೂತಿಗೂ ಒಂದೊಂದು ಹಿಂಗಾರದ ಎಸಳು ಸಿಕ್ಕಿಸಿದಳು. ಊರಲ್ಲಿ ನೇಗಿಲಿಗೂ ಕತ್ತಿಗೂ ಇಡುವ ಅಡಕೆಯ ಹೂವು ಅದು, ಲಾರಿಗೆ ಇಟ್ಟರೆ ತಪ್ಪೇನು.

ಬಂಡೆಪ್ಪ ಬಂದು ನೋಡಿದ. ಬಾಯಿ ತೆರೆದ, ಮುಚ್ಚಿದ, ಏನೂ ಹೇಳದೆ ಕೈ ಮುಗಿದು ಪ್ರಸಾದ ತೆಗೆದುಕೊಂಡು ಹೋದ. ಆ ಮೌನವನ್ನು ದೂಜಣ್ಣ ಮಧ್ಯಾಹ್ನದ ಊಟದ ಜೊತೆ ಚಪ್ಪರಿಸಿಕೊಂಡು ತಿಂದ. ಅವನ ಆಯುಸ್ಸಿನಲ್ಲೇ ಅಷ್ಟು ರುಚಿಯಾದ ಊಟ ಅದೊಂದೇ, ಅಂಥದ್ದು ಮತ್ತೆ ಸಿಗಲಿಲ್ಲ.

ಮರುದಿನ ವಿಜಯದಶಮಿ. ಫೋರ್ಟಿನ ಒಂದು ಹಾಲಿನಲ್ಲಿ ಕನ್ನಡ ಸಂಘದ ದಸರಾ ಊಟ, ಐನೂರು ಎಲೆ. ಅಡುಗೆ ವಹಿಸಿಕೊಂಡವರು ಫೋರ್ಟಿನಲ್ಲೇ ಹೋಟೆಲು ಇಟ್ಟಿದ್ದ ಸದಾನಂದ ರಾಯರು. ಬಾಳೆಎಲೆ ಒಂಬತ್ತು ಗಂಟೆಯೊಳಗೆ ಬಂದು ಬೀಳಬೇಕೆಂದು ರಾಯರು ಮೂರು ಸಲ ಹೇಳಿ ಕಳಿಸಿದ್ದರು. ಆರು ಗಂಟೆಗೆ ಪ್ಲಗ್ಗು ಕೂರಿಸಿ ಹೊರಡೋಣವೆಂದು ದೂಜಣ್ಣ ಪಾನಾಕ್ಕೆ ಕೈ ಹಾಕಿದ.

"ಮುಟ್ಬೇಡಿ" ಎಂದಳು ಸೇವಂತಿ. "ಪೂಜೆಗಿಟ್ಟ ಆಯುಧ. ವಿಜಯ ಮುಹೂರ್ತ ಹತ್ತರ ಮೇಲೆ. ಅದಕ್ಕಿಂತ ಮೊದಲು ಎತ್ತಿದ್ರೆ ವರ್ಷ ಇಡೀ ತೊಂದರೆ."

"ಹತ್ತಕ್ಕೆ ಎತ್ತಿದ್ರೆ ರಾಯರು ಇವತ್ತೇ ತೊಂದರೆ ಮಾಡ್ತಾರೆ."

ಗಂಡ ಹೆಂಡಿರು ಸ್ವಲ್ಪ ಹೊತ್ತು ಧರ್ಮವಿಚಾರ ಮಾಡಿದರು. ಕೊನೆಗೆ ತೀರ್ಮಾನ ಆದದ್ದು ಹೀಗೆ: ಪ್ಲಗ್ಗುಗಳು ದೇವರ ಸ್ಥಾನದಲ್ಲಿವೆ, ದೇವರು ಸವಾರಿ ಹೊರಡಬಹುದು, ಕ್ಷಮೆ ಕೇಳಿ ಎತ್ತಿದರೆ ದೋಷವಿಲ್ಲ. ಪಾನಾ ಆಯುಧ, ಅದನ್ನು ಎತ್ತುವಂತಿಲ್ಲ. ಆದರೆ ಚಾಳಿನ ಕೊನೆಯ ಖೋಲಿಯಲ್ಲಿ ಗೋವಾದ ಪ್ಲಂಬರ್ ಒಬ್ಬನಿದ್ದ. ಕ್ರಿಶ್ಚನ್ ಆದ್ದರಿಂದ ಅವನ ಸಾಮಾನಿಗೆ ನವಮಿಯ ನೇಮ ತಾಗುವುದಿಲ್ಲ. ದೂಜಣ್ಣ ಹೋಗಿ ಅವನನ್ನು ಎಬ್ಬಿಸಿ, ನೀರಿನ ಕೊಳವೆ ತಿರುಗಿಸುವ ಎರಡು ಮೊಳದ ಪೈಪ್ ಪಾನಾ ತಂದ.

ಹಿಂಗಾರದ ಎಸಳುಗಳನ್ನು ಎಳೆದು ತೆಗೆದ, ಒಳಗೆ ಉದುರಿದ ಮೊಗ್ಗು ನೋಡಲಿಲ್ಲ. ಐದು ಪ್ಲಗ್ಗು ಹೇಗೋ ಕೂತವು. ಆರನೆಯದು ಸ್ವಲ್ಪ ವಾಲಿ ನಿಂತಿತು. ನೆಟ್ಟಗೆ ಮಾಡಿ ನೋಡಿದ, ಮತ್ತೆ ವಾಲಿತು. ಬೇರೆ ಯಾರಾದರೂ ಆಗಿದ್ದರೆ ತೆಗೆದು ಮತ್ತೊಮ್ಮೆ ಹಾಕುತ್ತಿದ್ದರು. ದೂಜಣ್ಣನಿಗೆ ಗಡಿಯಾರ ಕಂಡಿತು, ಕೈಯಲ್ಲಿ ಎರಡು ಮೊಳದ ಪಾನಾ ಕಂಡಿತು. ಬಂಪರಿನ ಮೇಲೆ ಹತ್ತಿ ನಿಂತು ಮೈಯ ಭಾರವೆಲ್ಲ ಪಾನಾದ ಮೇಲೆ ಬಿಟ್ಟ. ಒಳಗಿನಿಂದ ಕಿರ್ರೆಂದು ಒಂದು ಶಬ್ದ ಬಂತು, ಪ್ಲಗ್ಗು ಕೂತಿತು. ಇಂಜಿನಿನ ಸ್ವರ ಕೇಳಿ ನೋವು ಹೇಳುವವನಿಗೆ ಆ ಸ್ವರ ಅರ್ಥವಾಗಲಿಲ್ಲ.

ಲಾರಿ ಹೊರಟಿತು. ಆರರಲ್ಲಿ ನಾಲ್ಕು ಉರಿಯುತ್ತಿದ್ದವು, ಎರಡು ಯೋಚನೆ ಮಾಡುತ್ತಿದ್ದವು. ಕುಂಟಿಕೊಂಡು ಬೈಕುಲ್ಲಾ ತಲುಪಿ, ಎಲೆ ಹೇರಿಸಿಕೊಂಡು, ಕ್ರಾಫರ್ಡ್ ಮಾರ್ಕೆಟ್ಟಿನ ಚೌಕದವರೆಗೆ ಬಂತು. ಅಲ್ಲಿ ಢಂ ಎಂದಿತು. ಆರನೆಯ ಪ್ಲಗ್ಗು ಹೆಡ್ಡಿನಿಂದ ಕಿತ್ತುಕೊಂಡು ಹಾರಿ ಬಾನೆಟ್ಟಿಗೆ ಒಳಗಿನಿಂದ ಬಡಿದಿತ್ತು. ತಗಡು ಹೊರಗೆ ಬೋರೆಹಣ್ಣಿನಷ್ಟು ಉಬ್ಬಿತು. ತೂತಿನಿಂದ ಬುಸ್ಸೆಂದು ಹೊಗೆ ಎದ್ದಿತು. ಆ ಹೊಗೆಗೆ ಪೆಟ್ರೋಲಿನ ವಾಸನೆ ಇರಲಿಲ್ಲ, ಸುಟ್ಟ ಜೇನಿನದೂ ತುಪ್ಪದ್ದೂ ಇತ್ತು. ಹಬ್ಬದ ದಿನ ಉಪವಾಸ ಇದ್ದವರೆಲ್ಲ ತಿರುಗಿ ನೋಡಿದರು.

ಚೌಕದ ಹವಲ್ದಾರ ಓಡಿ ಬಂದ. ಬೈಯಲಿಕ್ಕೆಂದೇ ಬಂದಿದ್ದ, ಆದರೆ ಮೂಗಿಗೆ ವಾಸನೆ ಬಡಿದು ನಿಂತ. "ಆತ್ ಕಾಯ್ ಶಿಜವ್‌ತೋಸ್ ರೇ?" ಎಂದ. ಒಳಗೆ ಏನು ಬೇಯಿಸುತ್ತಿದ್ದೀಯೋ ಎಂದು ಅವನ ಪ್ರಶ್ನೆ. ದೂಜಣ್ಣನಿಗೆ ಮರಾಠಿ ಬರುತ್ತಿತ್ತು, ಉತ್ತರ ಬರಲಿಲ್ಲ. ಹವಲ್ದಾರ ಬಾನೆಟ್ಟು ಎತ್ತಿಸಿ, ಬಗ್ಗಿ, ಪಾತ್ರೆ ಗೀತ್ರೆ ಇದೆಯೋ ಎಂದು ಹುಡುಕಿದ. ಹಿಂದೆ ನಿಂತ ಬಸ್ಸುಗಳೆಲ್ಲ ಹಾರ್ನು ಹೊಡೆದವು.

ಎಲೆಗಳು ಎರಡು ಕೈಗಾಡಿಯ ಮೇಲೆ ಫೋರ್ಟು ಸೇರಿದಾಗ ಒಂದೂವರೆ. ಹಾಲಿನಲ್ಲಿ ಐನೂರು ಜನ ಹನ್ನೆರಡರಿಂದ ಪಂಕ್ತಿಯಲ್ಲಿ ಕೂತಿದ್ದರು. ಎದುರಿಗೆ ಬರೀ ನೆಲ. ಬಡಿಸುವವರು ಕೋಸಂಬರಿಯ ಪಾತ್ರೆ ಹಿಡಿದು ಎಲ್ಲಿಗೆ ಹಾಕುವುದೆಂದು ತಿಳಿಯದೆ ಸಾಲಿನ ತುದಿಯಲ್ಲಿ ನಿಂತಿದ್ದರು. ಮಕ್ಕಳು ಅಳುತ್ತಿದ್ದವು. ಹೊತ್ತು ಕಳೆಯಲೆಂದು ಸಂಘದ ಕಾರ್ಯದರ್ಶಿ ಭಾಷಣ ಶುರು ಮಾಡಿದ್ದರು. ಎಲೆ ಬರುವವರೆಗೆ ಅವರೂ ನಿಲ್ಲಿಸುವಂತಿರಲಿಲ್ಲ, ಕನ್ನಡ ನಾಡಿನ ಏಕೀಕರಣವನ್ನು ಎರಡು ಸಲ ಮುಗಿಸಿ ಮೂರನೆಯ ಸಲಕ್ಕೆ ಕೈ ಹಾಕಿದ್ದರು.

ಸದಾನಂದ ರಾಯರು ಬಾಗಿಲಲ್ಲೇ ನಿಂತಿದ್ದರು. "ಏನಾಯ್ತು ದೂಜ?" ಎಂದು ಮೆಲ್ಲಗೆ ಕೇಳಿದರು. ರಾಯರು ಮೆಲ್ಲಗೆ ಕೇಳಿದರೆ ಹೋಟೆಲಿನ ಅಡುಗೆಯವರೆಲ್ಲ ಹಿಂದಿನ ಬಾಗಿಲಿನಿಂದ ಹೋಗುವುದು ವಾಡಿಕೆ.

"ಪ್ಲಗ್ಗು ಹಾರಿತು ರಾಯರೇ."

"ಹೇಗೆ ಹಾರಿತು?"

ದೂಜಣ್ಣ ಬಾಯಿ ತೆರೆದ. ಪಂಚಾಮೃತ ಎನ್ನಬೇಕು, ಪ್ಲಂಬರ್ ಎನ್ನಬೇಕು, ಐನೂರು ಜನ ಹಸಿದವರ ಎದುರು. ನಾಲಿಗೆ ಅತ್ತ ಹೊರಳಲಿಲ್ಲ. "ಮೊನ್ನೆ ತಾನೇ ಮೌಲಾಲಿ ಮಿಸ್ತ್ರಿ ಆರೂ ಬಿಚ್ಚಿ ಕೂರಿಸಿದ್ದು" ಎಂದ.

ಅಕ್ಷರ ಅಕ್ಷರವೂ ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ದೂಜಣ್ಣ ಜನ್ಮದಲ್ಲಿ ಹೇಳಿರಲಿಲ್ಲ.

"ಹಾಗಾ" ಎಂದರು ರಾಯರು. "ನಮ್ಮ ಎರಡು ವ್ಯಾನೂ ಅವನ ಕೈಯಲ್ಲೇ ಉಂಟು. ನಾಳೆಯಿಂದ ಬೇಡ."

ಆ ಎರಡು ವ್ಯಾನು ಹೋದರೆ ಮಿಸ್ತ್ರಿಯ ಗ್ಯಾರೇಜಿಗೆ ಬೀಗವೇ. ಅದು ದೂಜಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಎಲೆ ಇಳಿಸಲಿಕ್ಕೆ ಹೋದ.

ಸುದ್ದಿ ಅವನಿಗಿಂತ ಮೊದಲೇ ಚಾಳಿಗೆ ಮುಟ್ಟಿತ್ತು. ಚಾಳಿನವರ ಬಾಯಲ್ಲಿ ಸಂಜೆಗೆ ಮಿಸ್ತ್ರಿಗೆ ಒಂದು ಕಣ್ಣು ಕಾಣಿಸುತ್ತಿರಲಿಲ್ಲ, ದೀಪ ಹಚ್ಚುವ ಹೊತ್ತಿಗೆ ಎರಡೂ ಹೋದವು. "ಪ್ಲಗ್ಗಿನ ಬದಲಿ ನಟ್ ಹಾಕಿದ್ದನಂತ್ರಿ" ಎಂದಳು ಸುಂದ್ರವ್ವ. "ಇಷ್ಟ ಆದ್ರೂ ದೂಜಣ್ಣ ಅವನಿಗೆ ಒಂದ ಮಾತ ಬೈದಿಲ್ಲ ನೋಡ್ರಿ. ಎಂಥಾ ಮನಸು."

ಬಂಡೆಪ್ಪ ಬಂದು ದೂಜಣ್ಣನ ಬೆನ್ನು ತಟ್ಟಿದ. "ನಾ ಆಗಿದ್ರ ಅವನ ಕೊಳಪಟ್ಟಿ ಹಿಡೀತಿದ್ದೆ. ನೀವು ದೊಡ್ಡ ಮನಷ್ಯಾರು."

ಬೈದಿದ್ದರೆ ದೂಜಣ್ಣ ತಡೆದುಕೊಳ್ಳುತ್ತಿದ್ದ. ಹೊಗಳಿದ್ದು ಮೈಯೆಲ್ಲ ಚುಚ್ಚಿತು. ಅನ್ನ ಮುಂದಿಟ್ಟುಕೊಂಡು ಕೂತು, "ಸೇವಂತಿ, ತಪ್ಪು ಮಿಸ್ತ್ರಿಯದ್ದಲ್ಲ" ಎಂದ.

"ಮತ್ತೆ ಯಾರದ್ದು?"

"ನಮ್ಮ ಪೂಜೆಯಿಂದ ಆದದ್ದು."

ಸೇವಂತಿ ಅನ್ನದ ಪಾತ್ರೆ ಕೆಳಗಿಟ್ಟಳು. "ದೇವರ ಗಂಧ ತಾಗಿ ಗಾಡಿ ಕೆಟ್ಟಿತು ಅಂತ ಇನ್ನೊಮ್ಮೆ ಹೇಳ್ಬೇಡಿ. ಹಾಗೆ ಆಗ್ಲಿಕ್ಕೆ ಉಂಟಾ? ಪೂಜೆ ಮಾಡಿದ್ದಕ್ಕೆ ಪ್ಲಗ್ಗು ಮಾತ್ರ ಹಾರಿತು, ಇಲ್ಲದಿದ್ರೆ ಲಾರಿಯೇ ಹಾರ್ತಿತ್ತು." ಆ ಮನೆಯಲ್ಲಿ ತಪ್ಪೊಪ್ಪಿಕೊಳ್ಳಲಿಕ್ಕೂ ಜಾಗ ಇರಲಿಲ್ಲ.

ಮರುದಿನ ಮಧ್ಯಾಹ್ನ ಮೌಲಾಲಿ ಮಿಸ್ತ್ರಿ ದಾದರಿನಲ್ಲಿ ಲೋಕಲ್ ಬದಲಿಸಿಕೊಂಡು ಜೋಗೇಶ್ವರಿಗೇ ಬಂದ. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ಕೂತ. ಚಾಳಿನ ಬಾಗಿಲುಗಳೆಲ್ಲ ಒಂದೊಂದು ಗೇಣು ತೆರೆದುಕೊಂಡವು.

"ದೂಜಣ್ಣಾರ, ಲಾರಿ ಹಗ್ಗ ಕಟ್ಟಿ ಎಳದ ತಂದು ನನ್ನ ಗ್ಯಾರೇಜಿನ ಮುಂದ ನಿಲ್ಲಿಸೀನ್ರಿ" ಎಂದ. "ಬಾನೆಟ್ ಎತ್ತಿಲ್ಲ. ಕೈ ಹಚ್ಚಿಲ್ಲ. ಮೂರ ದಿನದ ಮ್ಯಾಲ ಸದಾನಂದ ರಾಯರು ಬರತೀನಿ ಅಂದಾರ. ಅವರ ಮುಂದ ಹೆಡ್ ಇಳಸತೀನಿ. ತಪ್ಪ ನಂದಾಗಿದ್ರ ಪಾನಾ ಕೆಳಗಿಟ್ಟು ಊರಿಗೆ ಹೋಗತೀನಿ." ಕನ್ನಡಕದ ದಾರ ಸರಿ ಮಾಡಿಕೊಂಡು, "ನೆನಸಿ ನೆನಸಿ ನೋಡೀನ್ರಿ, ಆರೂ ಸರಿ ಕೂರಿಸಿದ್ದೆ. ಆದ್ರ ವಯಸ್ಸಾತಲ್ರಿ. ಕೈ ತಪ್ಪಿರಬೇಕು. ಸಂಘದವರ ಊಟ ಕೆಟ್ಟಿತು, ನಿಮ್ಮ ಮಾರಿ ಕೆಟ್ಟಿತು. ಮಾಫ್ ಮಾಡ್ರಿ" ಎಂದ.

ಸೇವಂತಿ ಕೊಟ್ಟ ಚಹಾವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ. ದೂಜಣ್ಣನಿಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು. ಚಾಳಿನ ನೆಲ ಸಿಮೆಂಟಿನದು, ಬಿರಿಯಲಿಲ್ಲ. "ಹೆಡ್ಡು ತೆಗೆಯುವುದು ಬೇಡ ಮಿಸ್ತ್ರಿ" ಎಂದ ಗಡಿಬಿಡಿಯಲ್ಲಿ. "ಲಾರಿ ಹಳತಾಯ್ತು. ಗುಜರಿಗೆ ಕೊಟ್ಟುಬಿಡುವ."

ಅಷ್ಟು ಹೇಳಿದ್ದೇ ಸಾಕಾಯಿತು. ಮಿಸ್ತ್ರಿಯ ಮಾನ ಉಳಿಸಲಿಕ್ಕೆ ದೂಜಣ್ಣ ಲಾರಿಯನ್ನೇ ಗುಜರಿಗೆ ಹಾಕಲು ಹೊರಟಿದ್ದಾನೆಂದು ಚಾಳಿನ ಮೂರು ಮಾಳಿಗೆಯಲ್ಲೂ ಸುದ್ದಿಯಾಯಿತು. ನಲ್ಲಿಯ ಸಾಲಿನಲ್ಲಿ ಅವನಿಗೆ ಮುಂದೆ ಜಾಗ ಬಿಟ್ಟರು. ಸುಂದ್ರವ್ವ ಹೋಳಿಗೆ ಕಳಿಸಿಕೊಟ್ಟಳು. ಮುಂದಿನ ವರ್ಷದ ನವರಾತ್ರಿ ಮಂಡಳಿಗೆ ದೂಜಣ್ಣನೇ ಅಧ್ಯಕ್ಷನಾಗಬೇಕೆಂದು ಬಂಡೆಪ್ಪ ಹೇಳಿದ, ಯಾರೂ ಬೇಡ ಎನ್ನಲಿಲ್ಲ. ಮನುಷ್ಯ ಒಳ್ಳೆಯ ಕೆಲಸ ಮಾಡಿದರೂ ಬೊಂಬಾಯಿಯಲ್ಲಿ ಇಷ್ಟು ಮರ್ಯಾದೆ ಸಿಗುವುದಿಲ್ಲ. ದೂಜಣ್ಣ ಮೂರು ದಿನ ತಲೆ ತಗ್ಗಿಸಿಕೊಂಡೇ ಓಡಾಡಿದ, ಅದನ್ನೂ ಜನ ವಿನಯ ಎಂದರು.

ಹೆಡ್ಡು ಇಳಿಸುವ ದಿನ ಬೈಕುಲ್ಲಾದ ಗಲ್ಲಿ ತುಂಬಿತ್ತು. ಅಕ್ಕಪಕ್ಕದ ಗ್ಯಾರೇಜಿನವರು ಕೈ ಒರೆಸುತ್ತ ಬಂದು ನಿಂತರು. ಸದಾನಂದ ರಾಯರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತರು. ಜೋಗೇಶ್ವರಿಯಿಂದ ಬಂಡೆಪ್ಪ ಅರ್ಧ ದಿನ ರಜೆ ಹಾಕಿ ಬಂದಿದ್ದ. ದೂಜಣ್ಣ ಎಲ್ಲರ ಹಿಂದೆ ನಿಲ್ಲೋಣವೆಂದರೆ ಜನ ದಾರಿ ಬಿಟ್ಟು ಮುಂದಕ್ಕೆ ತಳ್ಳಿದರು.

ಮಿಸ್ತ್ರಿ ಬಾನೆಟ್ಟು ಎತ್ತಿದ. ಉಳಿದ ಐದು ಪ್ಲಗ್ಗು ಬಿಚ್ಚಿ, ಬೋಲ್ಟುಗಳನ್ನು ಸಡಿಲಿಸಿ, ಹೆಡ್ಡನ್ನು ಎರಡು ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಆರನೆಯ ತೂತಿನ ಬಳಿ ಬಗ್ಗಿದ. ತಿರುಪಿನ ಗೆರೆಗಳು ಅಡ್ಡಡ್ಡ ಕೊಯ್ದು ಹೋಗಿದ್ದವು. ಐದನೆಯದರ ಒಳಗೆ ಬೆರಳು ಹಾಕಿ ತೆಗೆದ. ಬೆರಳಿನ ತುದಿಯಲ್ಲಿ ಕಪ್ಪು ಅಂಟು. ಮೂಗಿನ ಹತ್ತಿರ ಹಿಡಿದ. ಇನ್ನೊಂದರಲ್ಲಿ ಏನೋ ಸಿಕ್ಕಿಕೊಂಡಿತ್ತು, ಉಗುರಿನಿಂದ ಬಿಡಿಸಿದ. ಗೋಧಿಕಾಳಿನಷ್ಟು ದೊಡ್ಡ ಹಿಂಗಾರದ ಮೊಗ್ಗು, ಅರ್ಧ ಸುಟ್ಟಿತ್ತು, ಅರ್ಧ ಇನ್ನೂ ಬೆಳ್ಳಗೆ ಇತ್ತು.

ಮಿಸ್ತ್ರಿ ಅದನ್ನು ನೋಡಿದ. ಆಮೇಲೆ ಕನ್ನಡಕದ ಮೇಲಿನಿಂದ ದೂಜಣ್ಣನನ್ನು ನೋಡಿದ. ಮಿಸ್ತ್ರಿ ಮುಷ್ಟಿ ಮುಚ್ಚಿ, ಆ ಕೈಯನ್ನು ಅಂಗಿಯ ಜೇಬಿಗೆ ಹಾಕಿದ. ಇನ್ನೊಂದು ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ ತೆಗೆದುಕೊಂಡು ಆರೂ ತೂತುಗಳನ್ನು ಒರೆಸಿ ಸ್ವಚ್ಛ ಮಾಡಿದ.

"ತಪ್ಪ ನಂದ್ರಿ ರಾಯರ" ಎಂದ. "ಪ್ಲಗ್ ವಾರಿ ಕುಂತೈತಿ. ಕೈ ತಪ್ಪಿ ಬಿಗದೀನಿ."

ಗಲ್ಲಿಯಲ್ಲಿ ಯಾರೋ ಚ್ಚು ಚ್ಚು ಎಂದರು. ರಾಯರು ಏಳಲು ಸ್ಟೂಲು ಹಿಂದಕ್ಕೆ ಸರಿಸಿದರು.

"ಅವರದ್ದಲ್ಲ, ನನ್ನದು" ಎಂದ ದೂಜಣ್ಣ. ಸ್ವರ ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. "ರಾಯರೇ, ಪ್ಲಗ್ಗು ಬಿಚ್ಚಿದ್ದು ನಾನು. ಆಯುಧ ಪೂಜೆಗೆ ಬಿಚ್ಚಿದೆ. ಪಂಚಾಮೃತದ ಅಭಿಷೇಕ ಮಾಡಿದೆ. ಗಂಧ ಮೆತ್ತಿದೆ. ತೂತಿನಲ್ಲಿ ಹಿಂಗಾರ ಇಟ್ಟದ್ದು. ಆಮೇಲೆ ಪ್ಲಂಬರನ ಪೈಪ್ ಪಾನಾ ತಂದು ಬಂಪರಿನ ಮೇಲೆ ನಿಂತು ಬಿಗಿದೆ."

ರಾಯರು ಎದ್ದು ಬಂದು ದೂಜಣ್ಣನ ಎರಡೂ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ದೂಜ" ಎಂದರು, "ಮುದುಕನ ಮಾನ ಉಳಿಸಲಿಕ್ಕೆ ನೀನು ನಾಲ್ಕು ಜನರೆದುರು ಇಷ್ಟು ದೊಡ್ಡ ಹುಚ್ಚ ಆಗ್ತೀಯಲ್ಲ."

"ರಾಯರೇ, ನಿಜವಾಗಿ."

"ಸಾಕು. ಪ್ಲಗ್ಗಿಗೆ ಪಂಚಾಮೃತ ಹಾಕುವವರು ಪ್ರಪಂಚದಲ್ಲಿ ಯಾರಾದರೂ ಇದ್ದಾರಾ? ಸುಳ್ಳು ಹೇಳ್ಲಿಕ್ಕೂ ನಿನಗೆ ಸರಿಯಾಗಿ ಬರುವುದಿಲ್ಲ."

"ಬಂಡೆಪ್ಪ, ನೀವಾದ್ರೂ ಹೇಳಿ. ನೀವು ನೋಡಿದ್ದೀರಿ" ಎಂದು ದೂಜಣ್ಣ ಅಂಗಲಾಚಿದ.

ಬಂಡೆಪ್ಪ ನೋಡಿದ್ದು ನಿಜ. ಆದರೆ ಇಷ್ಟು ದೊಡ್ಡ ಮನುಷ್ಯನ ತ್ಯಾಗಕ್ಕೆ ತಾನು ಕಲ್ಲು ಹಾಕುವುದೇ? "ಪೂಜಿ ನೋಡೀನ್ರಿ" ಎಂದ ಗಂಭೀರವಾಗಿ. "ಪೂಜಿಯೊಳಗ ಏನೂ ತಪ್ಪಿದ್ದಿಲ್ಲ." ಗಲ್ಲಿಯಲ್ಲಿ ಯಾರೋ ಚಪ್ಪಾಳೆ ಹೊಡೆದರು. ಒಬ್ಬ ಮೆಕ್ಯಾನಿಕ್ಕು ಬಂದು ದೂಜಣ್ಣನ ಕಾಲು ಮುಟ್ಟಿದ.

ರಾಯರು ಮಿಸ್ತ್ರಿಯ ಕಡೆ ತಿರುಗಿ, "ಇಂಥವರ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ ಮೌಲಾಲಿ" ಎಂದರು. ಮಿಸ್ತ್ರಿ ತಲೆ ತಗ್ಗಿಸಿದ.

ಅದನ್ನು ನೋಡಿದ ಮೇಲೆ ದೂಜಣ್ಣ ಮಾತಿನ ಮೇಲೆ ನಂಬಿಕೆ ಬಿಟ್ಟ. ಗೋಡೆಗೆ ಒರಗಿಸಿಟ್ಟಿದ್ದ ಯಾರದೋ ಪೈಪ್ ಪಾನಾ ಎಳೆದುಕೊಂಡ. ಮೇಜಿನ ಮೇಲಿಂದ ಒಂದು ಪ್ಲಗ್ಗು ಎತ್ತಿ ಹೆಡ್ಡಿನ ಮೊದಲನೆಯ ತೂತಿಗೆ, ಸರಿಯಾಗಿದ್ದ ತೂತಿಗೆ, ಆ ದಿನ ಇಟ್ಟ ಹಾಗೆಯೇ ವಾಲಿಸಿ ಇಟ್ಟ. ಪಾನಾ ಕಚ್ಚಿಸಿದ.

"ದೂಜಣ್ಣಾರ, ಬ್ಯಾಡ್ರಿ" ಎಂದ ಮಿಸ್ತ್ರಿ. "ಒಂದ ತೂತ ಕೆಟ್ರ ಒಳಗ ಬುಷ್ ಹಾಕಿ ರಿಪೇರಿ ಮಾಡತೀನಿ. ಬ್ಯಾಡ್ರಿ."

ದೂಜಣ್ಣ ಮೇಜಿನ ಮೇಲೆ ಹತ್ತಿದ. ಎರಡು ಕಾಲೂ ಊರಿ ಮೈಯ ಭಾರವೆಲ್ಲ ಬಿಟ್ಟ. ಕಿರ್ರೆಂದಿತು. ಅದೇ ಸ್ವರ. ಗಲ್ಲಿಯ ಮೆಕ್ಯಾನಿಕ್ಕುಗಳೆಲ್ಲ ಒಟ್ಟಿಗೆ ಕಣ್ಣು ಮುಚ್ಚಿದರು, ಆ ಸ್ವರ ಅವರಿಗೆ ಹಲ್ಲಿನ ಬೇರಿಗೆ ತಾಗುತ್ತದೆ. ದೂಜಣ್ಣ ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಎಳೆದ. ತೂತಿನ ಬದಿಯಿಂದ ಪಕ್ಕದ ಬೋಲ್ಟಿನ ತೂತಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಓಡಿತು. ಹೆಡ್ಡು ಮುಗಿಯಿತು.

ಅವನು ಪ್ಲಗ್ಗು ಕಿತ್ತು ರಾಯರ ಕೈಗೆ ಕೊಟ್ಟ. "ಎರಡೂ ತೂತು ನೋಡಿ ರಾಯರೇ. ಒಂದೇ ಕೈ" ಎಂದ. "ಇನ್ನು ನಾಲ್ಕು ಉಂಟು. ನಂಬದಿದ್ರೆ ಅದನ್ನೂ ಮಾಡಿ ತೋರಿಸ್ತೇನೆ."

ರಾಯರು ಬಗ್ಗಿ ಮೊದಲನೆಯದನ್ನು ನೋಡಿದರು, ಆರನೆಯದನ್ನು ನೋಡಿದರು. ಮೆಕ್ಯಾನಿಕ್ಕುಗಳೂ ನೋಡಿದರು. ಗೆರೆಗಳು ಒಂದೇ ಓರೆಯಲ್ಲಿ ಕೊಯ್ದಿದ್ದವು. ರಾಯರ ಮುಖದ ಮೇಲಿನ ಗೌರವ ಮೆಲ್ಲಗೆ ಇಳಿಯಿತು, ಇಳಿದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೋಯಿತು. ಬಂಡೆಪ್ಪ ಎರಡು ಹೆಜ್ಜೆ ಹಿಂದೆ ಸರಿದು ಜನರ ನಡುವೆ ಸೇರಿಕೊಂಡ.

"ನಾಳೆ ಎರಡೂ ವ್ಯಾನು ಕಳಿಸ್ತೇನೆ ಮೌಲಾಲಿ" ಎಂದರು ರಾಯರು ಕೊನೆಗೆ. "ಆದರೆ ಒಂದು ಮಾತು ಹೇಳು. ನೀನು ಒಳಗೆ ಎಲ್ಲ ನೋಡಿದ್ದೀ. ನೋಡಿಯೂ ತಪ್ಪು ನನ್ನದು ಅಂತ ಯಾಕೆ ಹೇಳಿದೆ?"

ಮಿಸ್ತ್ರಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

"ಮೂವತ್ತ ವರ್ಷ ಆತ್ರಿ ಈ ಕೆಲಸಕ್ಕ ಹತ್ತಿ" ಎಂದ. "ನಾ ಕೂರಿಸಿದ ಪ್ಲಗ್ ಕದ್ದವರನ್ನ ನೋಡೀನಿ. ಸರಿ ಇದ್ರೂ ಸರಿ ಇಲ್ಲಂತ ನನ್ನ ಮಾರಿ ಮ್ಯಾಲ ಒಗದವರನ್ನ ನೋಡೀನಿ. ನನ್ನ ಕೆಲಸಕ್ಕ ಹೂವ ಏರಿಸಿ ಕೈ ಮುಗದವರು ಇವರೊಬ್ಬರ ನೋಡ್ರಿ. ಅಂಥಾವರನ್ನ ನಾಕ ಮಂದಿಯೊಳಗ ನಾ ಹ್ಯಾಂಗ ನಗಿಪಾಟಲ ಮಾಡ್ಲಿ?"

ದೂಜಣ್ಣ ಇನ್ನೂ ಮೇಜಿನ ಮೇಲೆಯೇ ನಿಂತಿದ್ದ. ಇಳಿಯಲು ಹೋಗಿ, ಇಳಿಯದೆ ಅಲ್ಲೇ ಹೆಡ್ಡಿನ ಪಕ್ಕದಲ್ಲಿ ಕೂತುಬಿಟ್ಟ. ಹೂವು ಏರಿಸಿದ್ದು ಬಂಡೆಪ್ಪನ ಬಾಯಿ ಮುಚ್ಚಿಸಲಿಕ್ಕೆ. ಕೈ ಮುಗಿದಾಗ ಮಿಸ್ತ್ರಿಯ ನೆನಪು ಅವನಿಗೆ ಬಂದೇ ಇರಲಿಲ್ಲ. ಅದನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದ. ಆದರೆ ಮಿಸ್ತ್ರಿ ಆಗಲೇ ಜೇಬಿನಿಂದ ಆ ಮೊಗ್ಗು ತೆಗೆದು, ಬಿಸಾಡಲು ಮನಸ್ಸು ಬಾರದೆ, ಪಾನಾಗಳ ಡಬ್ಬಿಯ ಮೇಲೆ ಜೋಪಾನವಾಗಿ ಇಡುತ್ತಿದ್ದ.

ದೂಜಣ್ಣ ಬಾಯಿ ಮುಚ್ಚಿಕೊಂಡ. ಗಲ್ಲಿಯಲ್ಲಿ ಅಷ್ಟು ಜನ ಇದ್ದರು, ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.